ಲೆಬನಾನಿನ ಪ್ಯಾಲೆಸ್ತೀನಿ ನಿರಾಶ್ರಿತರ ಸ್ಥಿತಿಗತಿ

ನಿರಾಶ್ರಿತರೆಂದರೆ ಕೆಲವು ಕಾಲ ಡೇರೆಯಲ್ಲಿದ್ದು ಊರಿಗೆ ಮರಳುವವರು ಎಂದೇ ನಮ್ಮಲ್ಲಿ ಹಲವರ ಭಾವನೆ. ಲೆಬನಾನಿನ ಪ್ಯಾಲೆಸ್ತೀನಿಯರ ಮಟ್ಟಿಗೆ ಇದು ಸರಿಯಲ್ಲ. 1948ರ ಯುದ್ಧದಲ್ಲಿ ಸುಮಾರು ಒಂದು ಲಕ್ಷ ಮಂದಿ, ಹೆಚ್ಚಿನವರು ಗಲಿಲೇಯ ಪ್ರಾಂತ್ಯದವರು, ಮನೆಮಠ ಕಳೆದುಕೊಂಡು ಅಲ್ಲಿಗೆ ಬಂದರು. ಈಗಿರುವವರಲ್ಲಿ ಬಹುಪಾಲು ಅವರ ಮಕ್ಕಳು, ಮೊಮ್ಮಕ್ಕಳು. ಲೆಬನಾನಿನಲ್ಲೇ ಹುಟ್ಟಿದರೂ ಅವರು ಅಲ್ಲಿನ ಪ್ರಜೆಗಳಲ್ಲ. 2017ರ ಗಣತಿಯಲ್ಲಿ ಶಿಬಿರಗಳು ಹಾಗೂ ಸುತ್ತಲಿನ ವಸತಿಗಳಲ್ಲಿ 1,74,422 ಮಂದಿ ಲೆಕ್ಕಕ್ಕೆ ಸಿಕ್ಕಿದ್ದಾರೆ.

ಅಧಿಕೃತ ಶಿಬಿರಗಳು 12. ಜನ ಹೆಚ್ಚಿದರೂ ಶಿಬಿರದ ಜಾಗ ಹೆಚ್ಚಲಿಲ್ಲ. ಆದ್ದರಿಂದ ಮನೆಯ ಮೇಲೆ ಮನೆ ಎದ್ದಿದೆ. ಬೈರೂತಿನ ಬುರ್ಜ್ ಅಲ್-ಬರಾಜ್ನೆ ಶಿಬಿರದ ಓಣಿಗಳಲ್ಲಿ ವಿದ್ಯುತ್ ತಂತಿಗಳೂ ನೀರಿನ ಕೊಳವೆಗಳೂ ಒಂದಕ್ಕೊಂದು ಹೆಣೆದುಕೊಂಡು ತಲೆಯ ಮೇಲೆಯೇ ತೂಗುತ್ತವೆ. ಶಾಕ್ ಹೊಡೆದು ಸತ್ತವರಿದ್ದಾರೆ. ಬೈಬಲಿನಲ್ಲಿ ನಾವು ಓದುವ ಟೈರ್ ಪಟ್ಟಣದ ಸುತ್ತಲಿನ ಶಿಬಿರಗಳಿಗೆ ಸಿಮೆಂಟ್ ಒಯ್ಯಬೇಕಾದರೆ ಸೈನ್ಯದ ಅನುಮತಿ ಬೇಕೆಂಬ ನಿರ್ಬಂಧ ಬಹುಕಾಲದಿಂದ ಇದೆ.

ಇದಕ್ಕಿಂತ ದೊಡ್ಡ ಸಂಕಷ್ಟ ಕಾನೂನಿನದು. 2001ರ ತಿದ್ದುಪಡಿಯ ಪ್ರಕಾರ ಮಾನ್ಯತೆ ಪಡೆದ ದೇಶವೊಂದರ ಪೌರತ್ವವಿಲ್ಲದವರು ಸ್ಥಿರಾಸ್ತಿ ಕೊಳ್ಳುವಂತಿಲ್ಲ. ಪ್ಯಾಲೆಸ್ತೀನಿಯರ ಹೆಸರೆತ್ತದೆಯೇ ಅವರನ್ನು ಹೊರಗಿಟ್ಟ ಜಾಣತನ ಇದು! ಮೊದಲೇ ಮನೆ ಕೊಂಡವರಿಗೂ ಅದನ್ನು ಮಕ್ಕಳ ಹೆಸರಿಗೆ ಮಾಡಿಸಲು ಆಗುತ್ತಿಲ್ಲ.

ಉದ್ಯೋಗದ ವಿಷಯದಲ್ಲಿ 2010ರಲ್ಲಿ ಸಂಸತ್ತು ಕೆಲಸದ ಪರವಾನಗಿಯ ಶುಲ್ಕವನ್ನು ಮನ್ನಾ ಮಾಡಿತು. ಆದರೆ ವೈದ್ಯ, ವಕೀಲ, ಎಂಜಿನಿಯರ್ ವೃತ್ತಿಗಳ ಬಾಗಿಲು ತೆರೆಯಲಿಲ್ಲ. ಸಾಮಾಜಿಕ ವಿಮೆಗೆ ಹಣ ಕಟ್ಟಿದರೂ ಅನಾರೋಗ್ಯ, ಹೆರಿಗೆಗೆ ನೆರವಿಲ್ಲ. ಕೆಲಸ ಬಿಡುವಾಗ ಬರುವ ಮೊತ್ತ ಮಾತ್ರ. 2019ರಲ್ಲಿ ಪರವಾನಗಿ ತಪಾಸಣೆ ಬಿಗಿಯಾದಾಗ ಶಿಬಿರಗಳ ಜನ ಬೀದಿಗಿಳಿದರು. ಗಲ್ಫ್‌ನಲ್ಲಿ ದುಡಿಯುವ ನಮ್ಮವರಿಗೆ ವೀಸಾ ರದ್ದಾದರೂ ಮರಳಲು ಊರಿದೆ, ಕೈಯಲ್ಲಿ ಪಾಸ್‌ಪೋರ್ಟ್ ಇದೆ. ಇವರಿಗೆ ಎರಡೂ ಇಲ್ಲ.

ಲೆಬನಾನಿನ ವಾದವನ್ನೂ ನಾವು ಕೇಳಬೇಕು. ಅಲ್ಲಿ ಅಧಿಕಾರವೆಲ್ಲ ಕ್ರೈಸ್ತ, ಸುನ್ನಿ, ಶಿಯಾ ಪಂಗಡಗಳ ನಡುವೆ ಹಂಚಿಕೆಯಾಗಿದೆ. ನಿರಾಶ್ರಿತರಲ್ಲಿ ಹೆಚ್ಚಿನವರು ಸುನ್ನಿಗಳು. ಪೌರತ್ವ ಕೊಟ್ಟರೆ ತೂಕ ತಪ್ಪೀತೆಂಬ ಭಯವಿದೆ. 1975ರಿಂದ 1990ರ ವರೆಗಿನ ಅಂತರ್ಯುದ್ಧದ ನೆನಪೂ ಇದೆ. ಇಲ್ಲಿ ಬೇರೂರಿದರೆ ತಾಯ್ನಾಡಿಗೆ ಮರಳುವ ಹಕ್ಕು ಹೋದೀತು ಎಂದೂ ಹೇಳುತ್ತಾರೆ. ಆದರೆ ಜೋರ್ಡಾನ್ 1954ರಲ್ಲೇ ಬಹುತೇಕರಿಗೆ ಪೌರತ್ವ ನೀಡಿತು; ಅಲ್ಲಿನವರು ಮರಳುವ ಹಕ್ಕಿನ ಬೇಡಿಕೆಯನ್ನು ಬಿಟ್ಟಿಲ್ಲ. ಮೇಲಾಗಿ, ಮನೆಯ ಹಕ್ಕುಪತ್ರ ಕೊಡುವುದೆಂದರೆ ಮತದಾನದ ಹಕ್ಕು ಕೊಟ್ಟಂತಲ್ಲ.

ಇದು ಮುಸ್ಲಿಮರ ಸಮಸ್ಯೆ ಮಾತ್ರವೆಂದು ತಿಳಿಯುವವರು ಬೈರೂತಿನ ಉತ್ತರಕ್ಕಿರುವ ದ್ಬಾಯೆ ಶಿಬಿರದ ಬಗ್ಗೆ ತಿಳಿಯಬೇಕು. ಅಲ್ಲಿನ ನಿರಾಶ್ರಿತರಲ್ಲಿ ಹೆಚ್ಚಿನವರು ಕ್ರೈಸ್ತರು. 1950ರ ದಶಕದಲ್ಲಿ ಅನೇಕ ಕ್ರೈಸ್ತ ನಿರಾಶ್ರಿತರಿಗೆ ಪೌರತ್ವ ದೊರೆತರೂ ಇವರಿಗೆ ಸಿಗಲಿಲ್ಲ. ಪ್ಯಾಲೆಸ್ತೀನಿಯರ ನೆರವಿಗೆಂದು 1949ರಲ್ಲಿ ಪೋಪ್ 12ನೇ ಪಿಯುಸ್ ಸ್ಥಾಪಿಸಿದ ಪಾಂಟಿಫಿಕಲ್ ಮಿಷನ್ ಇಂಥವರ ನಡುವೆ ಇಂದೂ ಕೆಲಸ ಮಾಡುತ್ತಿದೆ. ಶಿಬಿರವಿರುವುದು ಮಾರೋನೈಟ್ ಮಠದ ಜಮೀನಿನಲ್ಲಿ. ಆ ಮಠದವರೇ ಮಾರಲು ಒಪ್ಪಿದರೂ ಅಲ್ಲಿನವರು ಒಂದು ಸೆಂಟ್ಸ್ ಜಾಗವನ್ನೂ ಕೊಳ್ಳಲು ಕಾನೂನು ಬಿಡುವುದಿಲ್ಲ.