ಹೆರಿಗೆ ಮನೆಯಲ್ಲೋ, ಆಸ್ಪತ್ರೆಯಲ್ಲೋ?

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದವರಲ್ಲಿ 5 ಮಂದಿ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಅಸುನೀಗಿದರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿ, ಸರ್ಕಾರವು ಅದರ ಬಳಕೆಯನ್ನು ತಡೆಯಿತು. ಇದನ್ನು ಕೇಳಿದ ಸಿರುಗುಪ್ಪ, ಕುರುಗೋಡು ಕಡೆಯ ತಾಯಂದಿರಿಗೆ ‘ಮನೆಯೇ ಲೇಸು’ ಎನಿಸಿದರೆ ನಾವು ಅವರನ್ನು ದೂಷಿಸಲಾರೆವು. ನಮ್ಮ ಅಜ್ಜಿಯರೂ ಸೂಲಗಿತ್ತಿಯ ಕೈಯಲ್ಲೇ ಹೆತ್ತವರು. ಆದರೆ ಹೆತ್ತು ಉಳಿಯದವರ ಲೆಕ್ಕವನ್ನು ಯಾವ ಮನೆಯೂ ಇಟ್ಟಿಲ್ಲ.

ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಎರಡೇ ಗಂಟೆಯಲ್ಲಿ ಪ್ರಾಣ ಹೋಗಬಹುದು. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ. ದಾರಿ, ಭತ್ತದ ಲಾರಿಗಳ ಕಾಲದಲ್ಲಂತೂ ಹೇಳುವುದೇ ಬೇಡ! ಆದುದರಿಂದ ಭಯವಿದ್ದರೂ ಆಸ್ಪತ್ರೆಯನ್ನೇ ಆರಿಸಿರೆಂದು ನಾವು ಹೇಳುತ್ತೇವೆ. ಎಂಟನೆಯ ತಿಂಗಳಲ್ಲೇ ರಕ್ತದ ಗುಂಪು, ಹಿಮೋಗ್ಲೋಬಿನ್ ಅರಿತು, ವಾಹನವನ್ನು ಗೊತ್ತುಮಾಡಿಕೊಳ್ಳಿರಿ. ಸಿಸೇರಿಯನ್ ಏತಕ್ಕೆಂದು, ಏರಿಸುತ್ತಿರುವುದು ಏನೆಂದು ವೈದ್ಯರನ್ನು ಕೇಳಲು ಅತ್ತೆಮಾವಂದಿರು ಸಂಕೋಚಪಡಬೇಕಾಗಿಲ್ಲ.