ಹೊಸ ನೆಲದಲ್ಲಿ ಮತ್ತೆ ವಿದ್ಯಾರ್ಥಿಯಾದ ಸವಾರ

ಕುದುರೆ ಪಂದ್ಯವೆಂಬ ಮಾತು ಕಿವಿಗೆ ಬಿದ್ದೊಡನೆ ಮನೆಯ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಪಂದ್ಯದ ಬೆನ್ನಿಗೆ ಬಾಜಿ, ಬಾಜಿಯ ಬೆನ್ನಿಗೆ ಸಾಲ, ಸಾಲದ ಬೆನ್ನಿಗೆ ಮನೆಮಂದಿಯ ಕಣ್ಣೀರು. ಈ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಬಾಜಿಯ ಪರವಾಗಿ ಒಂದಕ್ಷರವನ್ನೂ ಬರೆಯುವುದಿಲ್ಲ. ಆದರೆ ಕಟಕಟೆಯ ಆಚೆ ನಿಂತು ಹಣ ಹೂಡುವವನು ಬೇರೆ, ಕುದುರೆಯ ಬೆನ್ನೇರಿ ಪ್ರಾಣವನ್ನೇ ಒತ್ತೆಯಿಟ್ಟು ದುಡಿಯುವವನು ಬೇರೆ. ಜಾಕಿಯದು ಒಂದು ಕಸುಬು. ತನ್ನ ಕಸುಬನ್ನು ಪರದೇಶಕ್ಕೆ ಕೊಂಡೊಯ್ದು, ಅಲ್ಲಿ ಮೊದಲಿನಿಂದ ಕಲಿತ ಒಬ್ಬ ಸವಾರನ ವೃತ್ತಾಂತವನ್ನು ಓದುಗರ ಮುಂದಿಡುವುದು ನಮ್ಮ ಇಂದಿನ ಉದ್ದೇಶ.

ಆತನ ಹೆಸರು ಸ್ಟೀವ್ ಕಾಥೆನ್. ಜನನ 1960ರ ಮೇ 1ರಂದು, ಅಮೆರಿಕದ ಕೆಂಟಕಿ ರಾಜ್ಯದಲ್ಲಿ. ತಂದೆ ಕುದುರೆಗಳ ಗೊರಸಿಗೆ ಲಾಳ ಹೊಡೆಯುವವರು. ತಾಯಿಯೂ ಕುದುರೆಗಳನ್ನು ಪಳಗಿಸಬಲ್ಲವರು. ಹುಡುಗ ಲಾಯದ ವಾಸನೆಯಲ್ಲೇ ಬೆಳೆದ. ಒಣಹುಲ್ಲಿನ ಹೊರೆಯನ್ನೇ ಕುದುರೆಯೆಂದು ಬಗೆದು ಅದರ ಮೇಲೆ ಕುಳಿತು ಚಾವಟಿ ಬೀಸುವುದನ್ನು ಕಲಿತ. ಪಂದ್ಯಗಳ ಚಿತ್ರಸುರುಳಿಗಳನ್ನು ನೋಡಿ, ಅನುಭವಿ ಸವಾರರು ಯಾವಾಗ ಲಗಾಮು ಹಿಡಿಯುತ್ತಾರೆ, ಯಾವಾಗ ಸಡಿಲಿಸುತ್ತಾರೆ ಎಂಬುದನ್ನು ಗಮನಿಸಿದ. ಹದಿನಾರು ತುಂಬಿದ ಕೆಲವೇ ದಿನಗಳಲ್ಲಿ, 1976ರ ಮೇ ತಿಂಗಳಲ್ಲಿ, ಮೊದಲ ಪಂದ್ಯಕ್ಕಿಳಿದಾಗ ಸಿಕ್ಕಿದ್ದು ಕೊನೆಯ ಸ್ಥಾನ. ಆದರೆ ಅದೇ ತಿಂಗಳು ಮೊದಲ ಗೆಲುವೂ ಬಂತು. ಮರುವರ್ಷ, 1977ರಲ್ಲಿ, ಆತ ಗೆದ್ದ ಪಂದ್ಯಗಳು 487. ಆತ ಸವಾರಿ ಮಾಡಿದ ಕುದುರೆಗಳು ಆ ಒಂದೇ ವರ್ಷದಲ್ಲಿ 60 ಲಕ್ಷ ಡಾಲರುಗಳಿಗೂ ಮಿಗಿಲಾದ ಬಹುಮಾನ ತಂದವು. ಅದುವರೆಗೆ ಯಾವ ಜಾಕಿಯೂ ಆ ಮೊತ್ತವನ್ನು ಮುಟ್ಟಿರಲಿಲ್ಲ.

1978ರಲ್ಲಿ ಕೀರ್ತಿ ಶಿಖರವನ್ನೇರಿತು. ಅಮೆರಿಕದಲ್ಲಿ ಐದು ವಾರಗಳೊಳಗೆ ನಡೆಯುವ ಮೂರು ಪಂದ್ಯಗಳಿವೆ: ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್. ಮೂರನ್ನೂ ಒಂದೇ ಕುದುರೆ ಗೆದ್ದರೆ ಅದಕ್ಕೆ ತ್ರಿವಳಿ ಕಿರೀಟವೆಂದು ಹೆಸರು. ಕಾಥೆನ್ ಅಫರ್ಮ್ಡ್ ಎಂಬ ಕುದುರೆಯ ಮೇಲಿದ್ದರು. ಮೂರರಲ್ಲೂ ಬೆನ್ನು ಬಿಡದ ಎದುರಾಳಿ ಆಲಿಡಾರ್. ಬೆಲ್ಮಾಂಟಿನ ಕೊನೆಯ ಓಟದಲ್ಲಿ ಎರಡೂ ಕುದುರೆಗಳು ಪಕ್ಕೆಗೆ ಪಕ್ಕೆ ತಾಗುವಂತೆ ಓಡುತ್ತಿದ್ದವು. ಆಲಿಡಾರ್ ತುಸು ಮುಂದಾದಂತೆ ಕಂಡ ಗಳಿಗೆಯಲ್ಲಿ ಕಾಥೆನ್ ಚಾವಟಿಯನ್ನು ಬಲಗೈಯಿಂದ ಎಡಗೈಗೆ ಬದಲಿಸಿದರು. ಗೆಲುವಿನ ಅಂತರ ಕುದುರೆಯ ಒಂದು ತಲೆಯಷ್ಟೇ. ಹದಿನೆಂಟು ವರ್ಷದ ಹುಡುಗ ದೇಶದ ಕಣ್ಮಣಿಯಾದ. ಆ ಕಿರೀಟ ಮತ್ತೊಂದು ಕುದುರೆಗೆ ದೊರೆತದ್ದು 37 ವರ್ಷಗಳ ನಂತರ, 2015ರಲ್ಲಿ.

ಹುಡುಗ ಇಷ್ಟೆತ್ತರಕ್ಕೆ ಏರಿದ ಮೇಲೆ ಆದದ್ದೇನು? 1979ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸತತ 110 ಪಂದ್ಯಗಳಲ್ಲಿ ಸೋಲು. ಕೈ ಅದೇ, ಕಣ್ಣು ಅದೇ, ಶ್ರಮ ಅದೇ. ಫಲ ಮಾತ್ರ ಇಲ್ಲ. ಅಫರ್ಮ್ಡ್ ಕುದುರೆಯನ್ನೂ ಬೇರೊಬ್ಬ ಸವಾರನ ಕೈಗೆ ಒಪ್ಪಿಸಲಾಯಿತು. ಹೊಗಳಿದ ಬಾಯಿಗಳೇ ಕನಿಕರ ತೋರತೊಡಗಿದವು. ಹತ್ತೊಂಬತ್ತೂ ತುಂಬದವನಿಗೆ ಕನಿಕರಕ್ಕಿಂತ ಕಹಿಯಾದ ಔಷಧವಿಲ್ಲ.

ಆ ಹೊತ್ತಿಗೆ ಇಂಗ್ಲೆಂಡಿನಿಂದ ಕರೆ ಬಂತು. ಕುದುರೆಗಳ ಒಡೆಯ ರಾಬರ್ಟ್ ಸ್ಯಾಂಗ್‌ಸ್ಟರ್ ಅವರ ಆಹ್ವಾನದ ಮೇರೆಗೆ ಕಾಥೆನ್ ಲ್ಯಾಂಬರ್ನ್ ಎಂಬಲ್ಲಿನ ಬ್ಯಾರಿ ಹಿಲ್ಸ್ ಅವರ ಲಾಯವನ್ನು ಸೇರಿದರು. 1979ರ ಏಪ್ರಿಲ್‌ನಲ್ಲಿ ಸಾಲ್ಸ್‌ಬರಿಯಲ್ಲಿ ಮೊದಲ ಸವಾರಿಯಲ್ಲೇ ಗೆಲುವು. ಮರುತಿಂಗಳು ನ್ಯೂಮಾರ್ಕೆಟ್‌ನಲ್ಲಿ ಟ್ಯಾಪ್ ಆನ್ ವುಡ್ ಎಂಬ ಕುದುರೆಯ ಮೇಲೆ ಎರಡು ಸಾವಿರ ಗಿನಿಗಳ ಪ್ರಸಿದ್ಧ ಪಂದ್ಯ. ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಹಳೆಯ ಅದೃಷ್ಟ ಮರಳಿತೆಂದು ತೋರೀತು. ನಿಜವಾದ ಪರೀಕ್ಷೆ ಇನ್ನೂ ಮುಂದಿತ್ತು.

ಅಮೆರಿಕದ ಮೈದಾನಗಳು ಬಹುಮಟ್ಟಿಗೆ ಒಂದೇ ಅಚ್ಚಿನವು: ಸಮತಟ್ಟಾದ ಮೊಟ್ಟೆಯಾಕಾರ, ಮಣ್ಣಿನ ಹಾದಿ, ಯಾವಾಗಲೂ ಎಡಕ್ಕೇ ತಿರುವು. ಅಲ್ಲಿ ಪಂದ್ಯ ಮೊದಲ ಹೆಜ್ಜೆಯಿಂದಲೇ ಬಿರುಸು. ಬೆಳಗಿನ ಅಭ್ಯಾಸವೂ ಗಡಿಯಾರ ಹಿಡಿದೇ ನಡೆಯುತ್ತದೆ. ಒಂದು ಫರ್ಲಾಂಗಿಗೆ ಇಷ್ಟು ಸೆಕೆಂಡು ಎಂಬ ಲೆಕ್ಕ ಸವಾರನ ರಕ್ತದಲ್ಲೇ ಸೇರಿಹೋಗುತ್ತದೆ. ಇಂಗ್ಲೆಂಡಿನಲ್ಲಿ ಹಾಗಲ್ಲ. ಹಾದಿ ಹುಲ್ಲಿನದು, ಮಳೆ ಬಂದರೆ ಕೆಸರು, ಬಿಸಿಲು ಕಾದರೆ ಗಟ್ಟಿ. ಒಂದು ಮೈದಾನ ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ. ನ್ಯೂಮಾರ್ಕೆಟ್‌ನ ಮೈಲಿ ನೇರ, ವಿಂಡ್ಸರಿನ ಹಾದಿ ಎಂಟರ ಅಂಕೆಯಂತೆ. ಡರ್ಬಿ ನಡೆಯುವ ಎಪ್ಸಮ್ ಮೈದಾನದಲ್ಲಿ ಕುದುರೆ ಮೊದಲು ದಿಬ್ಬವೇರಬೇಕು, ಬಳಿಕ ಟ್ಯಾಟನ್‌ಹ್ಯಾಮ್ ತಿರುವಿನವರೆಗೆ ಇಳಿಜಾರಿನಲ್ಲಿ ಧಾವಿಸಬೇಕು, ಆಮೇಲೆ ಒಳಬೇಲಿಯತ್ತ ವಾಲಿದ ನೆಲದ ಮೇಲೆ ಸಮತೋಲ ತಪ್ಪದೆ ಓಡಬೇಕು. ಪಂದ್ಯಗಳು ಬಹುತೇಕ ಸಾವಧಾನವಾಗಿ ಆರಂಭವಾಗಿ ಕೊನೆಯಲ್ಲಿ ಕಾವೇರುತ್ತವೆ. ತಾಳ್ಮೆಯಿಲ್ಲದ ಸವಾರ ಅಲ್ಲಿ ಗೆಲ್ಲಲಾರ.

ಮಾಡುತ್ತ ಮಾಡುತ್ತಲೇ ಮನುಷ್ಯ ಕಸುಬುದಾರನಾಗುತ್ತಾನೆ, ಹಾಗೆ ಬಂದ ಅಭ್ಯಾಸ ಅವನಿಗೆ ಎರಡನೆಯ ಸ್ವಭಾವವೇ ಆಗುತ್ತದೆ ಎಂಬುದು ಅರಿಸ್ಟಾಟಲನ ಕಾಲದಿಂದ ತತ್ತ್ವಶಾಸ್ತ್ರ ಹೇಳುತ್ತ ಬಂದ ಮಾತು. ನಾವು ಇದಕ್ಕೊಂದು ಪ್ರಶ್ನೆಯನ್ನು ಸೇರಿಸಬಯಸುತ್ತೇವೆ. ಆ ಎರಡನೆಯ ಸ್ವಭಾವವೇ ಹೊಸ ನೆಲದಲ್ಲಿ ಅಡ್ಡಿಯಾದರೆ ಏನು ಮಾಡಬೇಕು? ಏನೂ ಅರಿಯದವನು ಕಲಿಯುವುದು ಸುಲಭ. ಜಗತ್ತೇ ಚಪ್ಪಾಳೆ ತಟ್ಟಿದ ಕೈಗಳನ್ನು ಮತ್ತೆ ಶಿಷ್ಯನ ಕೈಗಳನ್ನಾಗಿ ಮಾಡುವುದು ಕಠಿಣ. ಕಾಥೆನ್ ಮಾಡಿದ್ದು ಅದನ್ನೇ. ಊರಿಂದೂರಿಗೆ ಸುತ್ತಿ ಒಂದೊಂದು ಮೈದಾನದ ಏರುತಗ್ಗುಗಳನ್ನು ಅರಿತರು. ಆತುರವನ್ನು ಅದುಮಿಟ್ಟು ಕಾಯುವುದನ್ನು ಕಲಿತರು. ಬರಬರುತ್ತ ಅವರ ಮಾತಿನ ಧಾಟಿಗೂ ಇಂಗ್ಲಿಷರ ಛಾಯೆ ಹತ್ತಿತು. ಇಂಗ್ಲೆಂಡಿನ ಅಗ್ರ ಜಾಕಿಯೆಂಬ ಗೌರವ ದೊರೆಯಲು ಐದು ವರ್ಷಗಳು ಬೇಕಾದವು. 1984ರಲ್ಲಿ ಅದು ದೊರೆತಾಗ, 1913ರ ಡ್ಯಾನಿ ಮೇಹರ್ ಅವರ ಬಳಿಕ ಆ ಸ್ಥಾನಕ್ಕೇರಿದ ಮೊದಲ ಅಮೆರಿಕನ್ನರು ಅವರೇ ಆದರು.

ಇನ್ನು ಮುಂದಿನದು ಕಥೆಯ ಸವಿಯಾದ ಭಾಗ. 1985ರಲ್ಲಿ ಕಾಥೆನ್ ನ್ಯೂಮಾರ್ಕೆಟ್‌ನ ಹೆನ್ರಿ ಸೆಸಿಲ್ ಅವರ ಲಾಯದ ಸವಾರರಾದರು. ಆ ವರ್ಷದ ಡರ್ಬಿಯಲ್ಲಿ ಸ್ಲಿಪ್ ಆಂಕರ್ ಎಂಬ ಕುದುರೆಯನ್ನು ಮೊದಲಿಗೇ ಮುಂದಕ್ಕೆ ಬಿಟ್ಟು, ಕೊನೆಯವರೆಗೆ ಯಾರಿಗೂ ಹತ್ತಿರ ಬರಗೊಡದೆ, ಏಳು ಕುದುರೆಯುದ್ದದ ಅಂತರದಿಂದ ಗೆದ್ದರು. ಇದು ಸಾಧ್ಯವಾದದ್ದು ಹೇಗೆ? ತವರಿನಲ್ಲಿ ಕಲಿತ ಗಡಿಯಾರದ ಲೆಕ್ಕದಿಂದ. ಎಷ್ಟು ವೇಗದಲ್ಲಿ ಓಡಿಸಿದರೆ ಕುದುರೆಯ ಉಸಿರು ಕೊನೆಯವರೆಗೆ ಉಳಿದೀತು ಎಂಬ ಅರಿವು ಅವರ ಮೈಯಲ್ಲಿತ್ತು. ಬದಿಗಿಟ್ಟ ಹಳೆಯ ವಿದ್ಯೆ ನಾಶವಾಗಿರಲಿಲ್ಲ. ಹೊಸ ನೆಲವನ್ನು ಅರಿತ ಮೇಲೆ ಅದು ಮತ್ತೆ ಕೆಲಸಕ್ಕೆ ಬಂತು. ಅದೇ ವರ್ಷ ಓ ಸೋ ಶಾರ್ಪ್ ಎಂಬ ಹೆಣ್ಣು ಕುದುರೆಯ ಮೇಲೆ ಇನ್ನೂ ಮೂರು ಕ್ಲಾಸಿಕ್ ಪಂದ್ಯಗಳು ಅವರ ಪಾಲಾದವು. 1987ರಲ್ಲಿ ರೆಫರೆನ್ಸ್ ಪಾಯಿಂಟ್ ಕುದುರೆಯ ಮೇಲೆ ಎರಡನೆಯ ಡರ್ಬಿ. ಆ ವರ್ಷ ಅಗ್ರಸ್ಥಾನಕ್ಕಾಗಿ ಪ್ಯಾಟ್ ಎಡ್ಡರಿ ಅವರೊಡನೆ ನಡೆದ ಸ್ಪರ್ಧೆ 197ಕ್ಕೆ 195 ಗೆಲುವುಗಳಲ್ಲಿ ಮುಗಿಯಿತು. 1989ರಲ್ಲಿ ಓಲ್ಡ್ ವಿಕ್ ಕುದುರೆಯ ಮೇಲೆ ಫ್ರಾನ್ಸ್ ಹಾಗೂ ಐರ್ಲೆಂಡಿನ ಡರ್ಬಿಗಳನ್ನೂ ಗೆದ್ದರು.

ಈ ಗೆಲುವುಗಳಿಗೆ ತೆತ್ತ ಬೆಲೆಯನ್ನು ಮರೆಮಾಚಿದರೆ ನಾವು ಓದುಗರಿಗೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಪಂದ್ಯಕ್ಕೆ ಮುನ್ನ ಜಾಕಿಯನ್ನು ಜೀನಿನ ಸಮೇತ ತಕ್ಕಡಿಯಲ್ಲಿ ತೂಗುತ್ತಾರೆ. ಪಂದ್ಯ ಮುಗಿದ ಮೇಲೆ ಮತ್ತೆ ತೂಗುತ್ತಾರೆ. ಹದಿನಾರರ ಹುಡುಗನ ಮೈ ಇಪ್ಪತ್ತೈದರಲ್ಲಿ ಹಾಗೆಯೇ ಉಳಿಯುವುದೇ? ಕಾಥೆನ್ ಎತ್ತರವಾಗಿ ಬೆಳೆದಿದ್ದರು. ತೂಕ ಇಳಿಸಲು ಊಟ ಬಿಡುವುದು, ಬಿಸಿಹಬೆಯಲ್ಲಿ ಕುಳಿತು ಬೆವರಿಳಿಸುವುದು ಆ ವೃತ್ತಿಯಲ್ಲಿ ನಿತ್ಯದ ಪಾಡು. ಹಸಿದ ಹೊಟ್ಟೆಗೆ ಮದ್ಯ ಸಂಗಾತಿಯಾಯಿತು. ಹೊರಗಿನವರಿಗೆ ಅವರ ಅತ್ಯುಜ್ವಲ ವರ್ಷವಾಗಿ ಕಂಡ 1985ರ ಕೊನೆಯಲ್ಲೇ ಅವರು ಅಮೆರಿಕಕ್ಕೆ ಹಿಂದಿರುಗಿ ಆ ಚಟಕ್ಕೆ ಚಿಕಿತ್ಸೆ ಪಡೆದರು. ಆ ಸಂಗತಿಯನ್ನು ಅವರು ಮುಚ್ಚಿಡಲಿಲ್ಲ. 1987ರ ಗೆಲುವುಗಳು ಆ ಚಿಕಿತ್ಸೆಯ ನಂತರದವು ಎಂಬುದು ಗಮನಾರ್ಹ. 1988ರ ಆಗಸ್ಟ್‌ನಲ್ಲಿ ಗುಡ್‌ವುಡ್ ಮೈದಾನದಲ್ಲಿ ಬಿದ್ದು ಕುತ್ತಿಗೆಗೆ ತೀವ್ರ ಪೆಟ್ಟಾಯಿತು. ಆ ಋತುವೇ ಅಲ್ಲಿಗೆ ಮುಗಿಯಿತು. ಆದರೂ ಅವರು ಮರಳಿ ಬಂದರು.

1993ರ ಆರಂಭದಲ್ಲಿ, ಇನ್ನೂ 32ರ ಪ್ರಾಯದಲ್ಲಿ, ಕಾಥೆನ್ ನಿವೃತ್ತಿ ಸಾರಿದರು. ಮುಂದಿನ ಋತುವಿನ ಕರಾರು ಕುದುರಲಿಲ್ಲವೆಂಬುದು ಒಂದು ಕಾರಣ. ತಕ್ಕಡಿಯೊಡನೆ ನಿತ್ಯ ಹೋರಾಡಿದ ದೇಹದ ಬಳಲಿಕೆ ಇನ್ನೊಂದು. ಅವರು ಕೆಂಟಕಿಗೆ ಮರಳಿ ಸಂಸಾರ ಹೂಡಿ, ಕುದುರೆ ಸಾಕಣೆಯಲ್ಲಿ ತೊಡಗಿದರು. ಕೆಂಟಕಿ ಡರ್ಬಿ ಹಾಗೂ ಎಪ್ಸಮ್ ಡರ್ಬಿ ಎರಡನ್ನೂ ಗೆದ್ದ ಸವಾರನೆಂಬ ಅಪೂರ್ವ ಹಿರಿಮೆ ಅವರದು.

ಮಕ್ಕಳು ಪರೀಕ್ಷೆಯಲ್ಲಿ ಮೊದಲಿಗರಾದಾಗ ಸಿಹಿ ಹಂಚುವುದು ನಮಗೆ ಗೊತ್ತಿದೆ. ಮೊದಲಿಗನಾದ ಮಗ 110 ಸಲ ಸೋತು ಮನೆಗೆ ಬಂದರೆ ಅವನೊಡನೆ ಏನು ಮಾತನಾಡಬೇಕೆಂಬುದು ನಮಗೆ ಗೊತ್ತಿದೆಯೇ? ಪರಸ್ಥಳಕ್ಕೆ ಹೊರಟ ಮಗಳಿಗೆ 'ಗೆದ್ದು ಬಾ' ಎನ್ನುತ್ತೇವೆ. 'ಅಲ್ಲಿನ ನೆಲವನ್ನು ಮೊದಲು ಕಲಿ, ನೀನು ಒಯ್ದ ವಿದ್ಯೆಗೆ ಅದರ ಕಾಲ ಬರುತ್ತದೆ' ಎನ್ನುವುದನ್ನು ಮರೆಯುತ್ತೇವೆ. ಬೆಳೆಯುವ ಜೀವವನ್ನು ಒಂದೇ ತಕ್ಕಡಿಯಲ್ಲಿ ದಿನವೂ ತೂಗಿದರೆ ಅದು ಹಸಿವನ್ನು ಮರೆಯಲು ಬೇರೆ ದಾರಿ ಹುಡುಕೀತು. ಈ ವಾರ ಊಟಕ್ಕೆ ಕುಳಿತಾಗ ಮನೆಯವರು ಇದನ್ನು ಕುರಿತು ನಾಲ್ಕು ಮಾತನಾಡಿದರೆ, ನಾವು ಬರೆದದ್ದು ಸಾರ್ಥಕ.