ಒಂದೇ ಬಂಡೆ, ಹಲವು ದಾರಿ: ಟ್ರಯಲ್ಸ್‌ನಲ್ಲಿ ದರ್ಜೆಯ ಆಯ್ಕೆ ಮತ್ತು ಸವಾರರ ಮಿತಿ

ಹಳ್ಳದ ನೀರಿನ ನಡುವೆ ಮೊಣಕಾಲೆತ್ತರದ ಒಂದು ಬಂಡೆ, ಮೇಲೆಲ್ಲ ಪಾಚಿ. ಎರಡೂ ಬದಿಗೆ ಟೇಪು ಎಳೆದು ದಾರಿ ಕಟ್ಟಿದ್ದಾರೆ. ಸವಾರ ಫುಟ್‌ರೆಸ್ಟ್ ಮೇಲೆ ನಿಂತುಕೊಂಡೇ ಬರುತ್ತಾನೆ. ಈ ಬೈಕಿನಲ್ಲಿ ಕೂರುವ ಸೀಟೇ ಇಲ್ಲ. ಮುಂದಿನ ಚಕ್ರ ಬಂಡೆಗೆ ಮುಟ್ಟುವ ಹೊತ್ತಿಗೆ ಬೆರಳಲ್ಲಿ ಹಿಡಿದಿದ್ದ ಕ್ಲಚ್ ಬಿಡುತ್ತಾನೆ. ಬೈಕು ಮೇಲಕ್ಕೆ ನೆಗೆಯುತ್ತದೆ, ಹಿಂದಿನ ಚಕ್ರ ಪಾಚಿಯ ಮೇಲೆ ಒಂದು ಗೇಣು ಜಾರುತ್ತದೆ, ಬಲಗಾಲು ತಟಕ್ಕನೆ ಕಲ್ಲಿಗೆ ತಾಗಿ ಮತ್ತೆ ಮೇಲೆ ಬರುತ್ತದೆ. ದಡದಲ್ಲಿ ಮಳೆಯಂಗಿ ತೊಟ್ಟು ನಿಂತವರೊಬ್ಬರು ಒಂದು ಬೆರಳು ಎತ್ತಿ ತೋರಿಸುತ್ತಾರೆ, ಹಾಳೆಯಲ್ಲಿ ಒಂದು ಗುರುತು ಹಾಕಿಕೊಳ್ಳುತ್ತಾರೆ, ಮುಂದಿನ ಸವಾರನಿಗೆ ‘ಬಾ’ ಎಂದು ಕೈ ಮಾಡುತ್ತಾರೆ.

ಆ ಮಳೆಯಂಗಿಯವರೇ ವೀಕ್ಷಕರು. ಈ ಅಧ್ಯಾಯದಲ್ಲಿ ಹೇಳಬೇಕಾದದ್ದೆಲ್ಲ ಕೊನೆಗೆ ಬಂದು ನಿಲ್ಲುವುದು ಅವರ ಬಳಿಯೇ.

ಹಿಂದಿನ ಅಧ್ಯಾಯದಲ್ಲಿ ಅಂಕದ ಲೆಕ್ಕ ನೋಡಿದ್ದೇವೆ. ಮರೆತಿದ್ದರೆ ಚುಟುಕಾಗಿ ಹೇಳುತ್ತೇನೆ. ಟ್ರಯಲ್ಸ್‌ನಲ್ಲಿ ಕಲ್ಲು, ಕೆಸರು, ಬೇರು, ಕಡಿದಾದ ಏರು ಇರುವ ಪುಟ್ಟ ಪುಟ್ಟ ಹಾದಿಗಳನ್ನು ಗುರುತು ಮಾಡಿರುತ್ತಾರೆ. ಒಂದೊಂದಕ್ಕೂ ಸೆಕ್ಷನ್ ಎಂದು ಹೆಸರು. ಅದರೊಳಗೆ ಕಾಲು ಊರದೆ ದಾಟಿದರೆ ಸೊನ್ನೆ, ಅದೇ ಅತ್ಯುತ್ತಮ. ಒಮ್ಮೆ ಕಾಲು ತಾಗಿಸಿದರೆ ಒಂದು, ಎರಡು ಸಲ ತಾಗಿಸಿದರೆ ಎರಡು, ಅದಕ್ಕಿಂತ ಹೆಚ್ಚು ಎಷ್ಟು ಸಲ ತಾಗಿಸಿದರೂ ಮೂರು. ಬಿದ್ದರೆ, ಟೇಪು ದಾಟಿ ಹೊರಹೋದರೆ ಐದು. ‘ನಿಲ್ಲುವಂತಿಲ್ಲ’ ಎಂಬ ನಿಯಮವಿರುವ ಕಡೆ ಬೈಕು ನಿಂತರೂ ಐದೇ. ವಿಶ್ವ ಚಾಂಪಿಯನ್‌ಷಿಪ್ಪಿಗೆ 2013ರಲ್ಲಿ ಈ ನಿಯಮ ಮತ್ತೆ ಬಂತು. ಇವೆಲ್ಲ ದಂಡದ ಅಂಕಗಳು, ದಿನದ ಕೊನೆಗೆ ಯಾರದು ಕಡಿಮೆಯೋ ಅವರು ಗೆದ್ದಂತೆ.

ಓಟದ ಸ್ಪರ್ಧೆಯಲ್ಲಿ ಗಡಿಯಾರ ತೀರ್ಪು ಕೊಡುತ್ತದೆ, ಇಲ್ಲಿ ಮನುಷ್ಯರ ಕಣ್ಣು. ಆ ಕಣ್ಣು ಒಂದು ಸಲಕ್ಕೆ ಒಬ್ಬ ಸವಾರನನ್ನು ಮಾತ್ರ ನೋಡಬಲ್ಲದು. ಹಾಗಾಗಿ ‘ನಾನು ಯಾವ ದರ್ಜೆಯಲ್ಲಿ ಹೆಸರು ಕೊಡಲಿ’ ಎನ್ನುವ ಸವಾರನ ಪ್ರಶ್ನೆ, ‘ನಾವು ಎಷ್ಟು ಹೆಸರು ತೆಗೆದುಕೊಳ್ಳೋಣ’ ಎನ್ನುವ ಸಂಘಟಕರ ಪ್ರಶ್ನೆ, ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಬಹಳಷ್ಟು ಹೊಸಬರು ಇವನ್ನು ಬೇರೆ ಬೇರೆ ಎಂದುಕೊಳ್ಳುತ್ತಾರೆ. ಒಂದು ಸಣ್ಣ ಲೆಕ್ಕ ಹಾಕಿದರೆ ಸಂಬಂಧ ತಾನಾಗಿ ಕಾಣುತ್ತದೆ.

ಲೆಕ್ಕ

ಒಂದು ದಿನದ ಸ್ಪರ್ಧೆ, ಹತ್ತು ಸೆಕ್ಷನ್, ಮೂರು ಸುತ್ತು ಎಂದುಕೊಳ್ಳಿ. ಒಬ್ಬೊಬ್ಬ ಸವಾರ ಒಂದೊಂದು ಸೆಕ್ಷನ್ನನ್ನು ಮೂರು ಸಲ ದಾಟಬೇಕು. ನೂರು ಸವಾರರಿದ್ದರೆ ಒಬ್ಬ ವೀಕ್ಷಕರ ಮುಂದೆ 300 ಸವಾರಿಗಳು ನಡೆಯುತ್ತವೆ. ಒಳಗೆ ಬಂದು, ದಾಟಿ, ಅಂಕ ಬರೆದು, ದಾರಿ ತೆರವಾಗಲು ತಲೆಗೆ ಒಂದೇ ನಿಮಿಷ ಹಿಡಿದರೂ 300 ನಿಮಿಷ, ಅಂದರೆ ಐದು ಗಂಟೆ. ನೀರು ಕುಡಿಯಲು ಬಿಡುವಿಲ್ಲದ ಐದು ಗಂಟೆ. ಸವಾರರು 140 ಆದರೆ ಏಳು ಗಂಟೆ. ಉತ್ತರ ಇಂಗ್ಲೆಂಡಿನಲ್ಲಿ ಅಕ್ಟೋಬರ್ ತಿಂಗಳಲ್ಲಿ ಸಂಜೆ ಆರರ ಆಸುಪಾಸಿಗೆ ಹೊತ್ತು ಮುಳುಗುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಶುರು ಮಾಡಿದರೂ ಒಂದೂವರೆ ಗಂಟೆಯಷ್ಟೇ ಮಿಗುವುದು.

ಈಗ ಇದಕ್ಕೆ ದರ್ಜೆಯ ತಪ್ಪು ಆಯ್ಕೆಯನ್ನು ಸೇರಿಸಿ ನೋಡಿ. ತಮ್ಮ ಕೈಗೆ ಮೀರಿದ ದರ್ಜೆಯಲ್ಲಿ ಹತ್ತು ಮಂದಿ ಹೆಸರು ಕೊಟ್ಟಿದ್ದಾರೆ. ಕಡಿದಾದ ಒಂದು ಮೆಟ್ಟಿಲಿನ ಹತ್ತಿರ ಹತ್ತೂ ಮಂದಿ ಬೀಳುತ್ತಾರೆ. ಬಿದ್ದವರನ್ನು ಎಬ್ಬಿಸಿ, ಬೈಕನ್ನು ಬಂಡೆಗಳ ಸಂದಿನಿಂದ ಎಳೆದು ಹೊರತರಲು ತಲಾ ಎರಡು ನಿಮಿಷ ಹೆಚ್ಚಿಗೆ. ಮೂರು ಸುತ್ತಿಗೆ 60 ನಿಮಿಷ. ಒಂದೇ ಸೆಕ್ಷನ್ನಿನಲ್ಲಿ ಒಂದು ಗಂಟೆ ಹೋಯಿತು. ಹಿಂದೆ ಸಾಲು ಬೆಳೆಯುತ್ತದೆ, ಸಾಲಿನಲ್ಲಿ ನಿಂತವರ ಕೈ ತಣ್ಣಗಾಗುತ್ತದೆ, ಕೊನೆಯ ಸುತ್ತು ಕತ್ತಲಿಗೆ ತಗುಲುತ್ತದೆ. ಆ ಹತ್ತು ಮಂದಿ ಸರಿಯಾದ ದರ್ಜೆಯಲ್ಲಿ ಇದ್ದಿದ್ದರೆ ಅದೇ ಹೊತ್ತಿನಲ್ಲಿ ಇನ್ನೂ ಇಪ್ಪತ್ತು ಸವಾರರಿಗೆ ಜಾಗ ಕೊಡಬಹುದಿತ್ತು. ಇಪ್ಪತ್ತು ಜನ ಮೂರು ಸುತ್ತಿಗೆ 60 ನಿಮಿಷ, ಲೆಕ್ಕ ಸರಿಹೋಗುತ್ತದೆ.

ವೀಕ್ಷಕರು ಸಾಮಾನ್ಯವಾಗಿ ಸಂಬಳಕ್ಕೆ ಬಂದವರಲ್ಲ. ಕ್ಲಬ್ಬಿನ ಹಳೆಯ ಸವಾರರು, ಸವಾರರ ಮನೆಯವರು, ಊರಿನವರು. ಬುತ್ತಿ ಕಟ್ಟಿಕೊಂಡು ಬಂದು ದಿನವಿಡೀ ಗಾಳಿ ಮಳೆಯಲ್ಲಿ ನಿಲ್ಲುತ್ತಾರೆ. ಸವಾರರ ಮಿತಿ ಎಷ್ಟಿರಬೇಕು ಎಂದು ಸಂಘಟಕರು ಕೂತು ಯೋಚಿಸುವಾಗ ಮೊದಲು ಎಣಿಸಬೇಕಾದದ್ದು ಇವರನ್ನು, ಸವಾರರನ್ನು ಆಮೇಲೆ. ನನ್ನ ಮಟ್ಟಿಗೆ ಇದರಲ್ಲಿ ಎರಡನೇ ಮಾತಿಲ್ಲ.

ಬಣ್ಣದ ಬಾಣಗಳು

ಒಂದೇ ಹಳ್ಳ, ಒಂದೇ ಟೇಪು. ಆದರೆ ಒಳಗೆ ಬೇರೆ ಬೇರೆ ಬಣ್ಣದ ಬಾಣಗಳ ಜೋಡಿಗಳಿರುತ್ತವೆ. ಒಂದು ಜೋಡಿ ಬಾಣದ ನಡುವೆ ಹಾದುಹೋಗುವ ಜಾಗಕ್ಕೆ ಗೇಟ್ ಎನ್ನುತ್ತಾರೆ. ನಿಮ್ಮ ದರ್ಜೆಯ ಬಣ್ಣದ ಗೇಟುಗಳನ್ನು ನೀವು ಬಿಡುವಂತಿಲ್ಲ. ಎಕ್ಸ್‌ಪರ್ಟ್ ದರ್ಜೆಯ ಬಾಣಗಳು ಆ ಪಾಚಿಗಟ್ಟಿದ ಬಂಡೆಯ ನೆತ್ತಿಯ ಮೇಲೇ ಇರುತ್ತವೆ. ನಡುವಿನ ದರ್ಜೆಯವರಿಗೆ ಬಂಡೆಯ ಪಕ್ಕೆಯ ಇಳಿಜಾರು. ಹೊಸಬರು ಬಂಡೆಯನ್ನು ಬಳಸಿಕೊಂಡು ನೀರಿನಲ್ಲೇ ಹೋಗಿ, ಆಚೆ ದಡದ ಬೇರುಗಳನ್ನು ಹತ್ತಿದರೆ ಸಾಕು. ಮೂವರಿಗೂ ಒಬ್ಬರೇ ವೀಕ್ಷಕರು. ಒಳ್ಳೆಯ ಸೆಕ್ಷನ್ ಕಟ್ಟುವವರ ಜಾಣ್ಮೆ ಇರುವುದು ಇಲ್ಲೇ: ಮೂರು ದಾರಿಗಳೂ ಒಂದನ್ನೊಂದು ಕೆಡಿಸಬಾರದು, ವೀಕ್ಷಕರು ನಿಂತ ಜಾಗದಿಂದ ಮೂರೂ ಕಾಣಬೇಕು.

ದರ್ಜೆಗಳನ್ನು ಮಾಡುವ ಬಗೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಕ್ಲಬ್ಬುಗಳಲ್ಲಿ ನೋವಿಸ್, ಇಂಟರ್‌ಮೀಡಿಯೇಟ್, ಅಡ್ವಾನ್ಸ್ಡ್, ಎಕ್ಸ್‌ಪರ್ಟ್ ಎಂಬ ಏಣಿ ಪರಿಚಿತ. ವಯಸ್ಸು ನಲವತ್ತು ದಾಟಿದವರಿಗೆ, ಮಕ್ಕಳಿಗೆ, ಹಳೆಯ ಬೈಕುಗಳಿಗೆ ಬೇರೆ ದರ್ಜೆಗಳುಂಟು. ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಇರುವ ಎಪ್ಪತ್ತರ ದಶಕದ ಬೈಕಿನವರನ್ನು, ಸುಮಾರು 70 ಕಿಲೋ ತೂಗುವ ಇಂದಿನ ಬೈಕಿನವರ ಜೊತೆ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ವಿಶ್ವ ಮಟ್ಟದಲ್ಲಿ ಟ್ರಯಲ್‌ಜಿಪಿ ಮೇಲಿನ ದರ್ಜೆ, ಅದರ ಕೆಳಗೆ ಟ್ರಯಲ್2, ಹೆಂಗಸರದು ಬೇರೆ. ಈ ಹೆಂಗಸರ ದರ್ಜೆಯಲ್ಲಿ ಸ್ಪೇನ್‌ನ ಲಾಯಾ ಸಾನ್ಸ್ 13 ಸಲ ವಿಶ್ವ ಚಾಂಪಿಯನ್ ಆದವರು. ತಮ್ಮದೇ ದಾರಿ, ತಮ್ಮದೇ ಪಟ್ಟಿ ಸಿಕ್ಕಿದ್ದರಿಂದ ಹೊಸ ಹುಡುಗಿಯರು ಈ ಆಟಕ್ಕೆ ಬರಲು ಧೈರ್ಯ ಮಾಡಿದರು ಎಂದು ನಾನು ನಂಬುತ್ತೇನೆ.

ಹಾಗಾದರೆ ಸವಾರ ತನ್ನ ದರ್ಜೆಯನ್ನು ಹೇಗೆ ಆರಿಸಬೇಕು? ನಾನು ಹೇಳುವ ಅಳತೆ ಸುಲಭದ್ದು. ಮೂವತ್ತು ಸವಾರಿಗಳ ದಿನದಲ್ಲಿ ಎಲ್ಲದಕ್ಕೂ ಐದು ಬಿದ್ದರೆ 150 ಅಂಕ. ನಿಮ್ಮ ಮೊತ್ತ 90 ದಾಟುತ್ತಿದ್ದರೆ ಸರಾಸರಿ ಮೂರಕ್ಕಿಂತ ಹೆಚ್ಚು ಎಂದಾಯಿತು, ಒಂದು ದರ್ಜೆ ಕೆಳಗಿಳಿಯಿರಿ. ಇದರಲ್ಲಿ ಅವಮಾನವೇನಿಲ್ಲ. ಬಿದ್ದು ಎದ್ದು ಸುಸ್ತಾದ ಸವಾರ ಏನನ್ನೂ ಕಲಿಯುವುದಿಲ್ಲ, ಮೈಗೆ ಪೆಟ್ಟು ಮಾತ್ರ ಮಾಡಿಕೊಳ್ಳುತ್ತಾನೆ. ಸತತವಾಗಿ ಎರಡು ಮೂರು ಸ್ಪರ್ಧೆಗಳಲ್ಲಿ ಮೊತ್ತ 15ರ ಒಳಗೇ ಇದ್ದರೆ ಮೇಲೆ ಹತ್ತುವ ಕಾಲ ಬಂದಿದೆ.

ಹತ್ತಲು ಒಲ್ಲದವರೂ ಇದ್ದಾರೆ. ಕೆಳ ದರ್ಜೆಯಲ್ಲಿ ಉಳಿದು ತಿಂಗಳು ತಿಂಗಳು ಕಪ್ ಎತ್ತಿಕೊಂಡು ಹೋಗುವುದು ಅವರಿಗೆ ಹಿತ. ಕ್ಲಬ್ಬಿನ ಮಟ್ಟದಲ್ಲಿ ಹಿರಿಯರು ಬೆನ್ನು ತಟ್ಟಿ ‘ಸಾಕು, ಇನ್ನು ಮೇಲೆ ಹೋಗಪ್ಪ’ ಎನ್ನುತ್ತಾರೆ. ರಾಷ್ಟ್ರ ಮಟ್ಟಕ್ಕೆ ಬಂದಾಗ ಅಷ್ಟು ಸಾಲದು. ಅಲ್ಲಿ ವರ್ಷವಿಡೀ ಹಲವು ಸುತ್ತುಗಳ ಅಂಕ ಕೂಡಿಸಿ ಚಾಂಪಿಯನ್ನರನ್ನು ತೀರ್ಮಾನಿಸುತ್ತಾರೆ, ಒಂದು ದರ್ಜೆಯಲ್ಲಿ ಗಳಿಸಿದ್ದನ್ನು ಇನ್ನೊಂದಕ್ಕೆ ಹೊತ್ತೊಯ್ದರೆ ಪಟ್ಟಿಗೆ ಅರ್ಥವಿರುವುದಿಲ್ಲ. ಗೆದ್ದವರು ಮುಂದಿನ ವರ್ಷ ಮೇಲಿನ ದರ್ಜೆಗೆ ಹೋಗಲೇಬೇಕು ಎಂದು ಬರೆದಿಟ್ಟ ನಿಯಮವಿರುವುದೇ ಒಳ್ಳೆಯದು. ಎರಡನೆಯ, ಮೂರನೆಯ ಸ್ಥಾನದಲ್ಲೇ ವರ್ಷಗಟ್ಟಲೆ ನಿಂತ ಹುಡುಗರ ಮುಖ ನೆನೆದಾಗ ಈ ನಿಯಮ ನನಗೆ ಕಠಿಣ ಎನಿಸುವುದಿಲ್ಲ.

ದಾರಿ ಒಂದೇ, ಚೀಟಿ ಎತ್ತುವುದು

ಇಷ್ಟು ಹೊತ್ತು ಹೇಳಿದ್ದು ಸವಾರರನ್ನು ದರ್ಜೆಗಳಾಗಿ ಹಂಚುವ ವಿಧಾನ. ಇದಕ್ಕೆ ಪೂರ್ತಿ ಎದುರಾದ ಒಂದು ಪದ್ಧತಿ ಸ್ಕಾಟ್‌ಲೆಂಡಿನಲ್ಲಿದೆ, ಅದೂ ಈ ಆಟದ ಅತಿ ಹಳೆಯ ಸ್ಪರ್ಧೆಯಲ್ಲಿ.

ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಬೇರು ಬಿಟ್ಟದ್ದು 1909ರಲ್ಲಿ. ಈಗ ಪ್ರತಿ ಮೇ ತಿಂಗಳ ಮೊದಲ ವಾರದ ಹೊತ್ತಿಗೆ ಫೋರ್ಟ್ ವಿಲಿಯಂ ಊರನ್ನು ನೆಲೆ ಮಾಡಿಕೊಂಡು, ಸೋಮವಾರದಿಂದ ಶನಿವಾರದವರೆಗೆ ನಡೆಯುತ್ತದೆ. ದಿನಕ್ಕೆ 30 ಸೆಕ್ಷನ್, ದಿನಕ್ಕೆ ನೂರು ಮೈಲಿಯವರೆಗೂ ಸವಾರಿ. ಇಲ್ಲಿ ಬಣ್ಣದ ಬಾಣಗಳ ಆಯ್ಕೆಯಿಲ್ಲ. ವಿಶ್ವ ಚಾಂಪಿಯನ್ ಆಗಿದ್ದವರೂ, ವಾರದ ಕೊನೆಯಲ್ಲಷ್ಟೇ ಬೈಕು ಹತ್ತುವ ಬಡಗಿಯೂ ಅದೇ ಬಂಡೆಯ ಮೇಲೇ ಹೋಗಬೇಕು. ವಯಸ್ಸು, ಎಂಜಿನ್ ಗಾತ್ರ, ಹೊಸಬರು ಎಂಬ ಭೇದವೇನಿದ್ದರೂ ಬಹುಮಾನದ ಪಟ್ಟಿಯಲ್ಲಿ ಮಾತ್ರ. ಇಂಗ್ಲೆಂಡಿನ ಡೂಗಿ ಲ್ಯಾಂಪ್ಕಿನ್ ಇದನ್ನು 12 ಸಲ ಗೆದ್ದಿದ್ದಾರೆ. ಅವರು ಏರಿದ ಕಲ್ಲನ್ನೇ ಅದೇ ದಿನ ತಾನೂ ಏರಿದೆ ಎಂದು ಹೇಳಿಕೊಳ್ಳುವ ಭಾಗ್ಯ ನೂರಾರು ಸಾಮಾನ್ಯ ಸವಾರರಿಗಿದೆ. ಬೇರೆ ಯಾವ ಮೋಟಾರ್ ಆಟದಲ್ಲಿ ಇಂಥದ್ದುಂಟು?

ದರ್ಜೆಗಳಿಂದ ಹಂಚಲಾಗದ ಒತ್ತಡವನ್ನು ಇಲ್ಲಿ ಸಂಖ್ಯೆಯಿಂದಲೇ ಹಿಡಿಯಬೇಕು. ಸುಮಾರು 280 ಸವಾರರಿಗೆ ಮಿತಿ. ಬೇಕು ಎನ್ನುವವರು ಅದಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ಚೀಟಿ ಎತ್ತುತ್ತಾರೆ. ನಮ್ಮೂರ ಚೀಟಿಯಂತೆಯೇ: ಬಂದವರ ಪುಣ್ಯ. 280 ಸವಾರರು, ಆರು ದಿನಕ್ಕೆ 180 ಸೆಕ್ಷನ್, ಒಟ್ಟು 50,400 ಸವಾರಿಗಳನ್ನು ಒಂದೊಂದಾಗಿ ಯಾರೋ ನಿಂತು ನೋಡಿ ಬರೆಯಬೇಕು. ಇದರ ಮೇಲೆ ಬೆಟ್ಟದ ಬಯಲಿನ ಪ್ರಶ್ನೆ. ಸ್ಕಾಟ್‌ಲೆಂಡಿನ ಮಲೆನಾಡು ಬಹುಪಾಲು ದೊಡ್ಡ ಎಸ್ಟೇಟುಗಳ ಕೈಯಲ್ಲಿದೆ. ನೆಲ ಜೌಗು, ಮೇಲೆ ಹಾವಸೆ. ಒಂದು ಚಕ್ರ ಹೋದ ಗುರುತು ಬೇಗ ಮಾಯುವುದಿಲ್ಲ. ಜಮೀನಿನವರ ಒಪ್ಪಿಗೆ ಇಲ್ಲದೆ ಒಂದು ಬಾಣವನ್ನೂ ನೆಡಲಾಗದು. ಸವಾರರ ಸಂಖ್ಯೆ ಮಿತಿಯಲ್ಲಿದ್ದರೆ ಆ ಒಪ್ಪಿಗೆ ಮುಂದಿನ ವರ್ಷವೂ ಸಿಗುತ್ತದೆ.

ಮೊದಲು ಹೋದವರಿಗೂ ಕೊನೆಗೆ ಹೋದವರಿಗೂ ಬಂಡೆ ಒಂದೇ ತೆರನಾಗಿ ಇರುವುದಿಲ್ಲ. ಬೆಳಿಗ್ಗೆ ಪಾಚಿ, ಮಧ್ಯಾಹ್ನದ ಹೊತ್ತಿಗೆ ಚಕ್ರಗಳು ಉಜ್ಜಿ ಹಿಡಿತ ಬಂದಿರುತ್ತದೆ, ಕೆಸರಿನಲ್ಲಾದರೆ ತಿರುಗುಮುರುಗು. 280 ಜನರಿದ್ದಾಗ ಈ ವ್ಯತ್ಯಾಸ ಫಲಿತಾಂಶವನ್ನೇ ತಿರುಗಿಸಬಲ್ಲದು. ಅದಕ್ಕೇ ಹೊರಡುವ ಸರದಿಯನ್ನು ದಿನದಿಂದ ದಿನಕ್ಕೆ ಬದಲಿಸುತ್ತಾರೆ.

ಯಾರ್ಕ್‌ಷೈರಿನ ಸ್ಕಾಟ್ ಟ್ರಯಲ್‌ನದು ಇನ್ನೊಂದು ಹಟ. ಮೋಟಾರ್‌ಸೈಕಲ್ ತಯಾರಕ ಆಲ್ಫ್ರೆಡ್ ಆಂಗಸ್ ಸ್ಕಾಟ್ 1914ರಲ್ಲಿ ತಮ್ಮ ಕಾರ್ಖಾನೆಯ ಕೆಲಸಗಾರರಿಗಾಗಿ ಶುರು ಮಾಡಿದ ಸ್ಪರ್ಧೆ ಇದು. ಇಲ್ಲಿ ಕಾಲು ಊರಿದ ಅಂಕದ ಜೊತೆ ಗಡಿಯಾರವೂ ಸೇರಿದೆ: ಎಲ್ಲರಿಗಿಂತ ಬೇಗ ಮುಗಿಸಿದವನಿಗೆ ಹೊತ್ತಿನ ದಂಡ ಸೊನ್ನೆ, ಉಳಿದವರಿಗೆ ಅವನಿಗಿಂತ ತಡವಾದ ನಿಮಿಷಕ್ಕೊಂದು ಅಂಕ. ಇಂಥ ಸ್ಪರ್ಧೆಯಲ್ಲಿ ಸಾಲು ನಿಂತರೆ ಸವಾರನ ತಪ್ಪಿಲ್ಲದೆ ಅಂಕ ಸೋರಿಹೋಗುತ್ತದೆ. ಸುಮಾರು 200 ಎಂಬ ಅದರ ಮಿತಿಯನ್ನು ಹೀಗೇ ಅರ್ಥಮಾಡಿಕೊಳ್ಳಬೇಕು.

ಬುಲೆಟ್ ಯಾವ ದರ್ಜೆ?

ಕರ್ನಾಟಕದ ಓದುಗರಿಗೆ ಈ ಆಟ ದೂರದ್ದು ಎನಿಸಬಹುದು. ಆದರೆ ನಮ್ಮ ಬೀದಿಯಲ್ಲಿ ಡುಬುಡುಬು ಎನ್ನುವ ಬುಲೆಟ್ ಈ ಬಂಡೆಗಳ ಮೇಲೇ ಬೆಳೆದದ್ದು. ಹಿಂದಿನ ಚಕ್ರಕ್ಕೆ ಸ್ವಿಂಗಿಂಗ್ ಆರ್ಮ್ ಸಸ್ಪೆನ್ಷನ್ ಇದ್ದ ರಾಯಲ್ ಎನ್‌ಫೀಲ್ಡ್ ಬುಲೆಟ್ ಮೊದಲು ಕಾಣಿಸಿಕೊಂಡದ್ದು 1948ರ ಕಾಲ್ಮೋರ್ ಕಪ್ ಟ್ರಯಲ್‌ನಲ್ಲಿ. ಹಿಂದೆ ಸ್ಪ್ರಿಂಗ್ ಇರುವ ಬೈಕು ಟ್ರಯಲ್ಸ್‌ಗೆ ಆಗದು ಎಂದು ಬಲವಾಗಿ ನಂಬಿದ್ದ ಕಾಲ ಅದು. 1952ರಲ್ಲಿ ಜಾನಿ ಬ್ರಿಟ್ಟೇನ್ 350 ಸಿಸಿ ಬುಲೆಟ್ ಮೇಲೆ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದರು, 1957ರಲ್ಲಿ ರಾಯಲ್ ಎನ್‌ಫೀಲ್ಡ್ ಮೇಲೆಯೇ ಮತ್ತೊಮ್ಮೆ. ನಡುವೆ, 1955ರಲ್ಲಿ, ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಗಿತ್ತು. 2019ರಲ್ಲಿ ಕಂಪನಿ ಭಾರತದ ಪೇಟೆಗೆ ‘ಬುಲೆಟ್ ಟ್ರಯಲ್ಸ್’ ಎಂಬ ಮಾದರಿ ತಂದದ್ದು ಆ ಗೆಲುವುಗಳ ನೆನಪಿಗೆ.

ಆ ಭಾರದ ಬೈಕುಗಳ ಕಾಲ ಮುಗಿದದ್ದೂ ಸ್ಕಾಟಿಷ್ ಸಿಕ್ಸ್ ಡೇಸ್‌ನಲ್ಲೇ. ಐರ್ಲೆಂಡ್ ಕಡೆಯ ಸ್ಯಾಮಿ ಮಿಲ್ಲರ್ 500 ಸಿಸಿ ಏರಿಯಲ್ ಮೇಲೆ ಗೆಲ್ಲುತ್ತಿದ್ದವರು. 1965ರಲ್ಲಿ ಸ್ಪೇನ್‌ನ ಬುಲ್ಟಾಕೊ ಶೆರ್ಪಾ ಎಂಬ ಹಗುರಾದ ಟೂ-ಸ್ಟ್ರೋಕ್ ಬೈಕಿನ ಮೇಲೆ ಬಂದು ಗೆದ್ದರು. ಅಲ್ಲಿಂದಾಚೆ ಹಳೆಯ ಬ್ರಿಟಿಷ್ ಬೈಕುಗಳಿಗೆ ಅದೇ ಬಂಡೆಗಳ ಮೇಲೆ ಹೊಸಬುಗಳ ಜೊತೆ ಸರಿಸಮ ನಿಲ್ಲುವುದು ಆಗಲಿಲ್ಲ. ‘ಪ್ರೀ-65’, ಅಂದರೆ 1965ಕ್ಕೆ ಮುಂಚಿನ ಬೈಕುಗಳ ದರ್ಜೆ, ಹುಟ್ಟಿದ್ದರ ಹಿಂದೆ ಇರುವುದು ಈ ಗೆರೆ.

ಸ್ಕಾಟ್‌ಲೆಂಡಿನ ಪ್ರೀ-65 ಟ್ರಯಲ್ ಈಗ ಕಿನ್‌ಲಾಕ್‌ಲೆವನ್ ಎಂಬ ಪುಟ್ಟ ಊರಿನಲ್ಲಿ, ಸಿಕ್ಸ್ ಡೇಸ್ ಶುರುವಾಗುವ ಮುಂಚಿನ ಶುಕ್ರವಾರ ಮತ್ತು ಶನಿವಾರ ನಡೆಯುತ್ತದೆ. ಅಲ್ಯೂಮಿನಿಯಂ ಕಾರ್ಖಾನೆಗಾಗಿ ಗುಡ್ಡದಿಂದ ನೀರು ಇಳಿಸಿದ ದಪ್ಪ ಕೊಳವೆಗಳ ಪಕ್ಕದಲ್ಲೇ ಕಲ್ಲುಗಳು ಸಡಿಲ ಬಿದ್ದ ಒಂದು ಉದ್ದನೆಯ ಏರು ಇದೆ. ಅದರ ಹೆಸರು ಪೈಪ್‌ಲೈನ್. ಅದರ ಎರಡೂ ಬದಿಗೆ ಜನ ಕಿಕ್ಕಿರಿದು ನಿಲ್ಲುತ್ತಾರೆ. ಇಲ್ಲೂ ಸುಮಾರು 180 ಸವಾರರಿಗಷ್ಟೇ ಅವಕಾಶ, ಇಲ್ಲೂ ಚೀಟಿ. 1952ರ ಒಂದು ಬುಲೆಟ್ ಯಾರದೋ ಶೆಡ್ಡಿನಲ್ಲಿ ಇವತ್ತಿಗೂ ಸರಿಯಾಗಿ ಓಡುವ ಸ್ಥಿತಿಯಲ್ಲಿದ್ದರೆ, ಅದರ ದರ್ಜೆ ಇದು. ಒಡೆಯರು ಹೆಸರು ಕೊಟ್ಟು, ಚೀಟಿ ಬಂದರೆ, ಪೈಪ್‌ಲೈನಿನ ಬುಡದಲ್ಲಿ ತಮ್ಮ ಸರದಿಗೆ ಕಾದು ನಿಂತು, ಮೇಲಿನಿಂದ ವೀಕ್ಷಕರು ಕೈ ಬೀಸಿದಾಗ ಕ್ಲಚ್ ಬಿಡಬಹುದು.